ಮೂರರಲ್ಲಿ ಎರಡು ಪಾಲು

ಹೋದ ತಿಂಗಳು ನಮ್ಮ ಮನೆಯವರ ಕಣ್ಣು ತೋರಿಸಲೆಂದು ಆದೋನಿಗೆ ಹೋಗಿದ್ದೆವು. ಮಾರ್ಕೆಟ್ ಯಾರ್ಡಿನ ಮುಂದೆ ಹತ್ತಿ ಹೇರಿದ ಲಾರಿಗಳು ಸಾಲುಗಟ್ಟಿದ್ದರಿಂದ ನಮ್ಮ ಬಸ್ಸು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತುಬಿಟ್ಟಿತು. ಕಿಟಕಿಯಿಂದ ಹತ್ತಿಬೀಜ ಅರೆಯುವ ವಾಸನೆ ಒಳಗೆ ಬಂತು. ಕಾದ ಎಣ್ಣೆ, ಗೋಣಿಚೀಲ, ಧೂಳು, ಮೂರೂ ಸೇರಿದ ವಾಸನೆ ಅದು. ಊರಿನವರಿಗೆ ನಾಲ್ಕು ಕಾಸು ಕಾಣುವ ಕಾಲದ ವಾಸನೆ. ನಮ್ಮ ಮನೆಯವರು ಟವೆಲಿನಿಂದ ಮೂಗು ಮುಚ್ಚಿಕೊಂಡರು. ನಾನೀಗ ಎಮ್ಮಿಗನೂರಿನ ಕಡೆಯ ಶಾಲೆಯಲ್ಲಿದ್ದೇನೆ. ಆದರೂ ಈ ವಾಸನೆ ಬಂದರೆ ಸಾಕು, ನನ್ನ ಪಗಾರ ಮುರಿದ ಆ ಹತ್ತಿಯ ಕಾಲ ಎದುರಿಗೆ ಬಂದು ನಿಲ್ಲುತ್ತದೆ.

ಆಗ ಆದೋನಿಯಲ್ಲೇ ನಮ್ಮ ಮನೆ. ದಿನಾ ಶೇರ್ ಆಟೋ ಹತ್ತಿ ಹತ್ತಿರದ ಹಳ್ಳಿಯೊಂದರ ಕನ್ನಡ ಶಾಲೆಗೆ ಹೋಗಿ ಬರುತ್ತಿದ್ದೆ. ಆಂಧ್ರದಲ್ಲಿ ಕನ್ನಡ ಶಾಲೆ ಇದೆಯೇ ಎಂದು ದೂರದವರು ಕೇಳುತ್ತಾರೆ. ಇದೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಜಗಳದಲ್ಲಿ ಎರಡೂ ಆಡುತ್ತಾರೆ. ಹತ್ತಿ ಒಡೆಯಿತೆಂದರೆ ಶಾಲೆ ಅರ್ಧ ಖಾಲಿ. ತಾಯಂದಿರು ಬೆಳಗಾಗುವುದರೊಳಗೆ ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗುತ್ತಾರೆ, ಹಿಂದೆಯೇ ಮಕ್ಕಳೂ ಹೋಗುತ್ತವೆ. ಕರೆಯಲು ನಾನು ಹೊಲದ ಬದುವಿನ ಮೇಲೆ ಹೋಗಿ ನಿಂತರೆ ಒಬ್ಬ ತಾಯಿ ಸೊಂಟದ ಜೋಳಿಗೆಗೆ ಹತ್ತಿ ತುಂಬುತ್ತಲೇ ಹೇಳಿದ್ದಳು: “ನಿಮಗ ಒಂದನೇ ತಾರೀಕು ಬಂದ್ರ ಪಗಾರ ಬರತೈತಿ ಟೀಚರಮ್ಮ. ನಮಗ ಹತ್ತಿ ಒಡದಾಗ ಅಷ್ಟ.” ಅವಳ ಮಾತು ಸುಳ್ಳಲ್ಲ. ಒಂದನೇ ತಾರೀಕನ್ನು ನಂಬಿಕೊಂಡೇ ನಾನು ಬದುಕುತ್ತಿದ್ದೆ.

ಮನೆಗೆಲ್ಲ ಅದೊಂದೇ ಪಗಾರ. ನಮ್ಮ ಮನೆಯವರು ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಧೂಳು ಎದೆಯಲ್ಲಿ ಕೂತಿತು. ಮತ್ತೆ ಮಿಲ್ಲಿಗೆ ಕಾಲಿಟ್ಟರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಮನೆ ಹಿಡಿದರು. ಬಾಯಿಗಿಟ್ಟು ಎಳೆದುಕೊಳ್ಳುವ ಉಬ್ಬಸದ ಪಂಪು ಅವರ ಅಂಗಿಯ ಜೇಬಿನಲ್ಲಿ ಸದಾ ಇರಬೇಕು. “ಜನ ಬೀಡಿ ಇಟ್ಕೊಂತಾರ, ನಾನು ಇದನ್ನ ಇಟ್ಕೊಂಡೀನಿ, ಖರ್ಚು ಇದಕ್ಕ ಜಾಸ್ತಿ,” ಎಂದು ನಗುತ್ತಿದ್ದರು. ನಗು ಮುಗಿಯುವುದರೊಳಗೆ ಕೆಮ್ಮು ಬರುತ್ತಿತ್ತು.

ಇನ್ನು ನಾಗವೇಣಿ ಅಕ್ಕನ ವಿಷಯ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದೇ ಶಾಲೆಯಲ್ಲಿ ಆಕೆ ಹಿರಿಯ ಟೀಚರ್. ಪಾಠದ ಟಿಪ್ಪಣಿ ಬರೆಯುವುದು ಕಲಿಸಿದಳು, ನಾನು ಬಸುರಿಯಿದ್ದಾಗ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ ತಂದು ಮುಂದೆ ಕೂತು ಉಣ್ಣಿಸಿದಳು. ನಾವು ಮನೆ ಕಟ್ಟುವಾಗ ನನ್ನ ಸಾಲಕ್ಕೆ ಜಾಮೀನು ನಿಂತವಳೂ ಆಕೆಯೇ. ನಮ್ಮ ಮೇಷ್ಟ್ರುಗಳಲ್ಲಿ ಅದೊಂದು ನಡೆದುಬಂದ ರೀತಿ. ಇವತ್ತು ನೀನು ನನಗೆ, ನಾಳೆ ನಾನು ನಿನಗೆ. ಸರ್ಕಾರಿ ಪಗಾರದವರ ಸಹಿ ಸಿಕ್ಕರೆ ಫೈನಾನ್ಸಿನವರು ಹೊಲ, ಮನೆ ಏನೂ ಕೇಳುವುದಿಲ್ಲ. ಹೆಂಗಸರಲ್ಲಿ ಅದಕ್ಕೊಂದು ಶಾಸ್ತ್ರವೂ ಇತ್ತು. ಸಾಲದ ದುಡ್ಡು ಕೈಗೆ ಬಂದ ಮೇಲೆ ಬರುವ ಶುಕ್ರವಾರ, ಜಾಮೀನು ಹಾಕಿದವರನ್ನು ಮನೆಗೆ ಕರೆದು ಹೋಳಿಗೆ ಊಟ ಹಾಕಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬುವುದು. ಹಾಗೆ ಉಡಿ ತುಂಬಿಸಿಕೊಂಡು ಬಂದವಳು ಆಮೇಲೆ ಕಂತು ಕಟ್ಟಿದೆಯಾ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಉಂಡ ಮನೆಯ ಜಂತೆ ಎಣಿಸಿದಳು ಅನ್ನುತ್ತಾರೆ.

ಅಕ್ಕನ ಗಂಡ ಯಾರ್ಡಿನಲ್ಲಿ ಹತ್ತಿ ಕಮಿಷನ್ ವ್ಯಾಪಾರ ಶುರು ಮಾಡಿದಾಗ ಆಕೆ ಫೈನಾನ್ಸಿನಲ್ಲಿ ಸಾಲ ಎತ್ತಿದಳು. ನಾನು ಸ್ಟಾಫ್ ರೂಮಿನಲ್ಲೇ ಸಹಿ ಹಾಕಿದೆ, ಶುಕ್ರವಾರ ಹೋಗಿ ಹೋಳಿಗೆ ಉಂಡು ಬಂದೆ. ಹತ್ತಿಯ ದರ ಬಿತ್ತು, ವ್ಯಾಪಾರ ಮುಳುಗಿತು, ಅಕ್ಕ ತನ್ನ ಊರಾದ ಪತ್ತಿಕೊಂಡದ ಕಡೆಗೆ ವರ್ಗ ಮಾಡಿಸಿಕೊಂಡು ಹೋದಳು. ನಾನು ಒಂದು ಸಲವೂ ಕಂತಿನ ಮಾತು ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ.

ಆಮೇಲೆ ಒಂದು ದಿನ ಕೋರ್ಟಿನ ಅಮೀನ ಶಾಲೆಗೆ ಬಂದು ಕಾಗದ ಕೊಟ್ಟು ಸಹಿ ತೆಗೆದುಕೊಂಡ. ಮೇಲೆ ಅಕ್ಕನ ಹೆಸರಿತ್ತು, ಅದರ ಕೆಳಗೆ ನನ್ನದು. ಸಾಲ ಅಕ್ಕನದು, ಹಾಗಾಗಿ ಕಾಗದವೂ ಅಕ್ಕನದೇ ಎಂದುಕೊಂಡೆ. ಪಕ್ಕದ ಮನೆಯ ಪತ್ರ ನಮ್ಮ ಮನೆಗೆ ಬಂದರೆ ಅವರಿಗೆ ಮುಟ್ಟಿಸುತ್ತೇವಲ್ಲ, ಹಾಗೆ ಆ ಭಾನುವಾರವೇ ಒಯ್ದು ಕೊಟ್ಟೆ. ಅಕ್ಕ ನೋಡಲೂ ಇಲ್ಲ, ಮಡಿಸಿ ದೇವರ ಪಟದ ಹಿಂದೆ ಇಟ್ಟಳು. “ನೀ ಕೋರ್ಟಿಗೆ ಬರಬ್ಯಾಡ ಪಾರೂ, ನಾ ನೋಡ್ಕೊಂತೀನಿ. ನೀ ಅಲ್ಲಿ ಬಂದು ನಿಂತ್ರ ಇಬ್ಬರ ಮರ್ಯಾದಿನೂ ಹೋಗತೈತಿ,” ಅಂದಳು. ನನ್ನ ಹೆಸರು ಪಾರ್ವತಿ. ಪಾರೂ ಎಂದು ಕರೆಯುವವರು ತಾಯಿ ಸತ್ತ ಮೇಲೆ ಆಕೆಯೊಬ್ಬಳೇ ಉಳಿದಿದ್ದಳು. ನಾನು ಹೋಗಲಿಲ್ಲ. ಆಕೆಯೂ ಹೋಗಲಿಲ್ಲ ಎಂದು ತಿಳಿದದ್ದು ತಡವಾಗಿ.

ಆ ವರ್ಷ ಚಳಿ ಬೇಗ ಬಂತು. ಒಂದನೇ ತಾರೀಕು ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿರುವಾಗ ಫೋನಿಗೆ ಬ್ಯಾಂಕಿನ ಮೆಸೇಜ್ ಬಂತು. ಪಗಾರ ಸರಿಯಾಗಿ ಅರ್ಧ ಬಂದಿತ್ತು. ಏನೋ ಕಂಪ್ಯೂಟರ್ ತಪ್ಪು ಎಂದು ಸಂಜೆ ಮಂಡಲದ ಆಫೀಸಿಗೆ ಹೋದೆ. ಪಗಾರ ಬಿಲ್ಲು ಮಾಡುವ ಗುಮಾಸ್ತ ಒಳ್ಳೆಯವನೇ. ಕುರ್ಚಿ ಹಾಕಿ ಕೂರಿಸಿ ಹೇಳಿದ.

“ಕೋರ್ಟಿಂದ ಆರ್ಡರ್ ಬಂದೈತಿ ಟೀಚರಮ್ಮ. ನಾಗವೇಣಿ ಮೇಡಂಗ ಜಾಮೀನು ನಿಂತೀರಲ್ಲ, ಅದು. ತಿಂಗಳಾ ಪಗಾರದಾಗ ಹಿಡದು ಕೋರ್ಟಿಗೆ ಕಟ್ಟಬೇಕಂತ.”

“ಅರ್ಧ ಹಿಡೀರಿ ಅಂತ ಬರದಾರೇನ್ರಿ?”

“ಎಷ್ಟು ಅಂತ ಬರದಿಲ್ಲ, ಕಾನೂನು ಪ್ರಕಾರ ಅಂತ ಬರದಾರ. ಸೊಸೈಟಿ ಸಾಲಕ್ಕ ನಾವು ಅರ್ಧದ ತನಕ ಹಿಡೀತೀವಿ. ಇದಕ್ಕೂ ಹಂಗ ಮಾಡೀನಿ.”

ಕಾನೂನು ಎಂದ ಮೇಲೆ ಮುಗಿಯಿತು ಎಂದುಕೊಂಡೆ. ಎದ್ದು ಬಂದೆ. ಮನೆಯ ಸಾಲದ ಕಂತು ಹೋಗಿ, ಕಿರಾಣಿ ಅಂಗಡಿಯ ಬಾಕಿ ಹೋಗಿ, ಆ ತಿಂಗಳು ನಮ್ಮ ಕೈಯಲ್ಲಿ ಉಳಿದದ್ದು ಹಾಲಿಗೂ ಸಾಲದು. ಅಕ್ಕನಿಗೆ ಫೋನ್ ಮಾಡಿದರೆ “ಬರೋ ತಿಂಗಳು ಏನರ ಮಾಡತೀನಿ ಪಾರೂ” ಅಂದಳು. ಮುಂದಿನ ವಾರ ಫೋನ್ ಎತ್ತಲಿಲ್ಲ. ಆಮೇಲೆ ಅದು ಸ್ವಿಚ್ ಆಫ್.

ಸ್ಟಾಫ್ ರೂಮಿನಲ್ಲಿ ಬುದ್ಧಿ ಹೇಳುವವರಿಗೆ ಬರ ಇರಲಿಲ್ಲ. ಕೋರ್ಟಿಗೆ ಹೋದರೆ ನೌಕರಿ ಹೋಗುತ್ತದೆ ಎಂದರು ಒಬ್ಬರು. ತಾಳಿ ಬ್ಯಾಂಕ್ ಲಾಕರಿನಲ್ಲಿಡು, ಜಪ್ತಿಗೆ ಬಂದರೆ ಮೊದಲು ಅದನ್ನೇ ಎತ್ತುತ್ತಾರೆ ಎಂದರು ಇನ್ನೊಬ್ಬರು. ಮಂತ್ರಾಲಯಕ್ಕೆ ಹೋಗಿ ಹೆಜ್ಜೆ ನಮಸ್ಕಾರ ಹಾಕು, ಎಲ್ಲ ಸರಿಹೋಗುತ್ತದೆ ಎಂದು ಮತ್ತೊಬ್ಬರು. ಎಲ್ಲರೂ ಒಬ್ಬರಿಗೊಬ್ಬರು ಜಾಮೀನು ಹಾಕಿಕೊಂಡವರೇ. ನಾನು ಎದ್ದು ಹೋದ ಮೇಲೆ ತಂತಮ್ಮ ಲೆಕ್ಕ ಹಾಕಿಕೊಳ್ಳುತ್ತಿದ್ದರು ಎಂದು ನನಗೆ ಗೊತ್ತು.

ಎರಡನೆಯ ತಿಂಗಳೂ ಅರ್ಧವೇ ಬಂತು. ಆ ತಿಂಗಳು ನಮ್ಮ ಮನೆಯವರು ಪಂಪು ಎಳೆಯುವುದನ್ನು ಕಡಿಮೆ ಮಾಡಿದ್ದರು. ನನಗೆ ಹೇಳಿರಲಿಲ್ಲ. ನನ್ನೆದುರು ಬಾಯಿಗಿಟ್ಟುಕೊಂಡು ಎಳೆದ ಹಾಗೆ ಮಾಡಿ, ಒತ್ತದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಿಲ್ಲುಗಳು ಹಗಲೂ ರಾತ್ರಿ ನಡೆಯುವ ಕಾಲ, ಊರ ಮೇಲೆಲ್ಲ ಹತ್ತಿಯ ಧೂಳು. ಒಂದು ಮುಂಜಾನೆ ಬಚ್ಚಲ ಮನೆಯಲ್ಲಿ ಗೋಡೆ ಹಿಡಿದು ಕೂತುಬಿಟ್ಟರು, ತುಟಿ ನೀಲಿ ಆಗಿತ್ತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದು ಆಕ್ಸಿಜನ್ ಕೊಡಿಸಿ ಕರೆತಂದೆ. ದಾರಿಯಲ್ಲಿ ಬೈದೆ, ಅತ್ತುಬಿಟ್ಟೆ. “ಇದ್ದ ಪಂಪು ಇನ್ನೊಂದು ತಿಂಗಳು ಬರಲಿ ಅಂತ ಮಾಡಿದ್ದೆ,” ಅಂದರು. ಈ ಪಗಾರ ಹೀಗೆಯೇ ಮುರಿಯುತ್ತ ಹೋದರೆ ಈ ಮನುಷ್ಯ ನನ್ನ ಕೈ ಬಿಟ್ಟು ಹೋಗುತ್ತಾನೆ ಎಂದು ಅವತ್ತು ನನಗೆ ಸ್ಪಷ್ಟವಾಗಿ ಅನ್ನಿಸಿತು.

ಅದೇ ವಾರ ಫೈನಾನ್ಸಿನ ವಸೂಲಿಯವನು ಮನೆಗೆ ಬಂದ. ಇಸ್ತ್ರಿ ಅಂಗಿ, ಮೆತ್ತನೆಯ ಮಾತು. ಪಿ.ಎಫ್. ದುಡ್ಡು ತೆಗೆದು ಒಂದೇ ಸಲ ಕಟ್ಟುತ್ತೇನೆ ಎಂಬ ಕಾಗದ ಟೈಪ್ ಮಾಡಿಸಿಯೇ ತಂದಿದ್ದ. “ಸಂತಕಂ ಪೆಟ್ಟಂಡಮ್ಮಾ, ಸಹಿ ಮಾಡಿಬಿಟ್ರ ಪಗಾರ ಮೊದಲಿನಂಗ ಬರತೈತಿ. ಇಲ್ಲಾಂದ್ರ ಹೆಂಗೂ ಕೋರ್ಟಿನವರು ಪಿ.ಎಫ್. ಹಿಡೀತಾರ. ಜೈಲು ಗೀಲು ಅಂತ ನಿಮಗ್ಯಾಕ ಬೇಕು?” ಅಂದ. ಸೋಮವಾರ ಬರುತ್ತೇನೆಂದು ಕಾಗದ ಬಿಟ್ಟು ಹೋದ. ನಾನು ಸಹಿ ಮಾಡಲು ಪೆನ್ನು ಹುಡುಕಿದ್ದೆ. ತಡೆದವರು ನಮ್ಮ ಮನೆಯವರು. “ಒಮ್ಮೆ ಒದಿ ತಿಂದೀವಿ ಸಹಿ ಮಾಡಿ. ಎರಡನೇದು ಓದಿಸಿ ಮಾಡು,” ಅಂದರು.

ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯ ಮೇಲೆ ಶಾಹೀನ್ ಮೇಡಂ ಎಂಬ ವಕೀಲರ ಕೋಣೆ ಇತ್ತು. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಯಾನು, ಗೋಡೆಯ ತುಂಬ ಕೇಸಿನ ಕಾಗದದ ಕಟ್ಟುಗಳು. ನನ್ನ ಕತೆ ಹೇಳುತ್ತ ಹೇಳುತ್ತ ನಾನು ಅಳತೊಡಗಿದೆ. “ಅಳೋದಕ್ಕ ಫೀಸು ಬ್ಯಾರೆ ಆಗತೈತಿ, ಮೊದಲು ಹೇಳಿ ಮುಗಿಸ್ರಿ,” ಅಂದರು. ಹಾಗೆ ಗದರಿದ ಮೇಲೆ ನನಗೆ ಧೈರ್ಯ ಬಂತು.

“ಸಮನ್ಸ್ ಬಂದಿತ್ತಲ್ಲ, ಓದಿದ್ರೇನು?”

“ಅಕ್ಕನ ಹೆಸರು ಮ್ಯಾಲಿತ್ರಿ. ಆಕಿಗೆ ಕೊಟ್ಟುಬಿಟ್ಟೆ.”

ಮೇಡಂ ಹಣೆ ಒತ್ತಿಕೊಂಡರು. “ಆದೋನ್ಯಾಗ ಎಲ್ಲಾ ಜಾಮೀನುದಾರರದೂ ಇದೇ ಕತಿ. ಸಾಲ ತಗೊಂಡವರ ಕೈಗೆ ಒಯ್ದು ಕೊಡೋದು. ಕೆಳಗ ನಿಮ್ಮ ಹೆಸರೂ ಇತ್ತಲ್ಲಮ್ಮ. ಕೋರ್ಟಿಗೆ ಮ್ಯಾಲಿನ ಹೆಸರೂ ಒಂದ, ಕೆಳಗಿನ ಹೆಸರೂ ಒಂದ. ಎಷ್ಟು ಕಟ್ಯಾರ, ಬಡ್ಡಿ ಹೆಂಗ ಹಾಕ್ಯಾರ ಅಂತ ಕೇಳೋ ಹಕ್ಕು ನಿಮಗಿತ್ತು. ಹೋಗಲಿಲ್ಲ, ಡಿಕ್ರಿ ಆತು, ದುಡ್ಡು ಕಟ್ಟಬೇಕಂತ ತೀರ್ಪು ಬಂತು. ಸಮನ್ಸ್ ಮುಟ್ಟಲೇ ಇಲ್ಲ ಅಂತ ಹೇಳೋಣಂದ್ರ ನಿಮ್ಮ ಸಹಿ ಐತಿ. ಆ ಬಾಗಲು ಮುಚ್ಚಿತು, ಬಿಡ್ರಿ.”

“ಸಾಲ ತಗೊಂಡಾಕಿನ್ನ ಬಿಟ್ಟು ನನ್ನ ಯಾಕ ಹಿಡದಾರ್ರಿ?”

“ಆಕಿ ಪಗಾರ ಆಗಲೇ ಇನ್ನೊಬ್ಬರ ಡಿಕ್ರಿಗೆ ಹಿಡದಾರಂತ. ಹಿಡಿಯೋ ಅಷ್ಟೂ ಹಿಡದಾಗೈತಿ. ಇವರಿಗೆ ಅಲ್ಲೇನೂ ಸಿಗಂಗಿಲ್ಲ, ನಿಮ್ಮ ಕಡೆ ಬಂದಾರ. ಜಾಮೀನು ಅಂದ್ರ ಅದ ಅಲ್ಲೇನು.” ಆಮೇಲೆ ಒಂದು ದಪ್ಪ ಪುಸ್ತಕ ತೆರೆದು, ಬೆರಳಿಟ್ಟು, ನಿಧಾನಕ್ಕೆ ಹೇಳಿದರು. “ಸೆಕ್ಷನ್ ಅರವತ್ತು. ಪಗಾರದಾಗ ಮೊದಲು ಒಂದು ಸಾವಿರ ನಿಮ್ದು. ಉಳಿದಿದ್ದನ್ನ ಮೂರು ಪಾಲು ಮಾಡ್ರಿ. ಎರಡು ಪಾಲು ನಿಮ್ದು, ಒಂದು ಪಾಲು ಅಷ್ಟ ಅವರು ಹಿಡೀಬಹುದು. ಅರ್ಧ ಹಿಡಿಯೋದು ತಪ್ಪು. ಅದೂ ಇಪ್ಪತ್ನಾಕು ತಿಂಗಳು. ಅಷ್ಟು ಮುಗಿದ ಮ್ಯಾಲ ಸಾಲ ಉಳಿದಿದ್ರೂ ಈ ಡಿಕ್ರಿಗೆ ನಿಮ್ಮ ಪಗಾರ ಮುಟ್ಟಂಗಿಲ್ಲ.”

ನಾನು ಚಿಕ್ಕ ಮಕ್ಕಳ ಹಾಗೆ ಒಂದೊಂದೇ ಕೇಳುತ್ತ ಹೋದೆ. ಜೈಲು? ದುಡ್ಡಿನ ಡಿಕ್ರಿಗೆ ಹೆಂಗಸರನ್ನು ಜೈಲಿಗೆ ಹಾಕುವ ಹಾಗಿಲ್ಲ. ತಾಳಿ? ಮುಟ್ಟುವ ಹಾಗಿಲ್ಲ. ಅಡುಗೆ ಪಾತ್ರೆ, ಹಾಸಿಗೆ? ಇಲ್ಲ. ಪಿ.ಎಫ್., ಗ್ರಾಚ್ಯುಟಿ, ಪೆನ್ಶನ್? ಯಾವುದನ್ನೂ ಇಲ್ಲ. ಹತ್ತಿ ಬಿಡಿಸುವ ಆಳಿನ ಕೂಲಿಯಂತೂ ಒಂದು ಪೈಸೆಯೂ ಕೋರ್ಟಿನ ಕೈಗೆ ಸಿಗುವುದಿಲ್ಲವಂತೆ. ಹೊಲದಲ್ಲಿ ನನಗೆ ಅಂದ ಆ ತಾಯಿಯ ನೆನಪಾಯಿತು. ನನ್ನ ಪಗಾರಕ್ಕಿಂತ ಅವಳ ಕೂಲಿಗೇ ಕಾವಲು ಗಟ್ಟಿ ಇತ್ತು.

ವಸೂಲಿಯವನ ಕಾಗದ ತೋರಿಸಿದಾಗ ಮೇಡಂ ಅದನ್ನು ಎರಡು ಬೆರಳಲ್ಲಿ ಹಿಡಿದರು. “ಕೋರ್ಟು ಮುಟ್ಟಲಾರದ್ದನ್ನ ನಿಮ್ಮ ಕೈಲೇ ಕೊಡಿಸ್ತಾರ, ನೋಡ್ರಿ. ನೀವಾಗೇ ಕೊಟ್ರ ಯಾವ ಕಾನೂನೂ ಅಡ್ಡ ಬರಂಗಿಲ್ಲ.” ಕೊನೆಗೆ ಇನ್ನೊಂದು ಮಾತು ಹೇಳಿದರು. ಜಾಮೀನುದಾರಳಾಗಿ ನಾನು ಕಟ್ಟಿದ ಅಷ್ಟನ್ನೂ ಅಕ್ಕನಿಂದ ವಸೂಲಿ ಮಾಡುವ ಹಕ್ಕು ನನಗಿದೆ. ಕೇಸು ಹಾಕೋಣವೇ ಎಂದು ಕೇಳಿದರು. ಮೊದಲು ಹೋಗಿ ಮಾತಾಡಿ ಬರುತ್ತೇನೆ ಎಂದೆ.

ಸೋಮವಾರ ಬಂದ ವಸೂಲಿಯವನಿಗೆ ಸಹಿ ಹಾಕದೆ ಕಾಗದ ವಾಪಸು ಕೊಟ್ಟೆ. ಮೇಡಂ ಬರೆದ ಅರ್ಜಿ ಕೋರ್ಟಿನಲ್ಲಿ ಬೇಗ ನಡೆಯಿತು. ಮಂಡಲದ ಆಫೀಸಿಗೆ ಆದೇಶ ಹೋಯಿತು, ಗುಮಾಸ್ತ ಲೆಕ್ಕ ತಿದ್ದಿದ. “ನನಗೂ ಗೊತ್ತಿರಲಿಲ್ಲ ಟೀಚರಮ್ಮ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಅಂದ. ಮುಂದಿನ ತಿಂಗಳು ಅರ್ಧಕ್ಕೆ ಬದಲು ಮೂರರಲ್ಲಿ ಎರಡು ಪಾಲು, ಮೇಲೊಂದಿಷ್ಟು ಬಂತು. ಕೇಳುವವರಿಗೆ ಏನು ಮಹಾ ಅನ್ನಿಸಬಹುದು. ನಮ್ಮ ಮನೆಯಲ್ಲಿ ಅದು ಒಂದು ಪಂಪು, ಹಾಲು, ಕರೆಂಟ್ ಬಿಲ್ಲು. ನಾನು ಮೆಡಿಕಲ್ ಅಂಗಡಿಗೆ ಹೋಗಿ ಎರಡು ಪಂಪು ತಂದು ಒಂದನ್ನು ಅವರ ಜೇಬಿಗೆ, ಇನ್ನೊಂದನ್ನು ದಿಂಬಿನ ಕೆಳಗೆ ಇಟ್ಟೆ. ಎದುರಿಗೇ ನಿಂತು, ಒತ್ತಿ ಎಳೆಯುವುದನ್ನು ನೋಡಿದ ಮೇಲೆ ಶಾಲೆಗೆ ಹೋದೆ.

ಆದರೂ ಮೂರನೆಯ ಪಾಲು ಪ್ರತಿ ತಿಂಗಳು ಹೋಗುತ್ತಿತ್ತು. ನಾನು ಕಾಣದ ದುಡ್ಡಿಗೆ, ತಿನ್ನದ ಸಾಲಕ್ಕೆ. ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ಪತ್ತಿಕೊಂಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೋಳು ಹೊಲ, ಕಿತ್ತು ರಾಶಿ ಹಾಕಿದ ಹತ್ತಿಕಟ್ಟಿಗೆ. ಅಕ್ಕನಿಗೆ ಏನೇನು ಅನ್ನಬೇಕೆಂದು ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ನನ್ನ ಗಂಡನ ತುಟಿ ನೀಲಿ ಆದದ್ದನ್ನು ಹೇಳಿ ಆಕೆಯನ್ನು ಅಳಿಸಬೇಕು ಎಂದೂ ಇತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಎಂದು ನಮ್ಮ ಮನೆಯವರು ಹೇಳುವುದು ಸುಮ್ಮನೆ ಅಲ್ಲ.

ಆಕೆಯ ಮನೆಯ ಕಟ್ಟೆಯ ಮೇಲೆ ಕೂತಿದ್ದ ಗಂಡ ನನ್ನನ್ನು ಕಂಡ ಕೂಡಲೇ ಎದ್ದು ಹಿತ್ತಲಿಗೆ ಹೋದ. ಅಕ್ಕ ಇಳಿದುಹೋಗಿದ್ದಳು, ಬಳೆ ಮೊಣಕೈಯ ತನಕ ಜಾರುತ್ತಿದ್ದವು. ಒಳಗೆ ಹೋಗಿ ಮಂಡಕ್ಕಿ ಒಗ್ಗರಣೆ ಮಾಡಿ ತಂದು ಮುಂದಿಟ್ಟು ಕೂತಳು.

“ನಿನ್ನ ಫೋನ್ ಎತ್ತಾಕ ನನಗ ಮಾರಿ ಇರಲಿಲ್ಲ ಪಾರೂ.”

ಅಷ್ಟಕ್ಕೇ ನಾನು ಸಿದ್ಧ ಮಾಡಿಕೊಂಡದ್ದೆಲ್ಲ ಕೆಟ್ಟುಹೋಯಿತು. ಮೆಲ್ಲಗೆ ಕೇಳಿದೆ. ಕೋರ್ಟಿನವರು ಒಂದು ಪಾಲು ಹಿಡಿದರೆ ಉಳಿದ ಎರಡು ಪಾಲು ಎಲ್ಲಿ ಹೋಗುತ್ತದೆ, ಮನೆ ಯಾಕೆ ಹೀಗಿದೆ ಎಂದು. ಹೇಳಿದಳು. ಗಂಡನ ಯಾರ್ಡಿನ ಬಾಕಿ ತೀರಿಸಲು ಓಣಿಯ ಬಡ್ಡಿಯವನೊಬ್ಬನ ಹತ್ತಿರ ಕೈಗಡ ತಂದಿದ್ದಳು. ಅವನು ಆಕೆಯ ಎ.ಟಿ.ಎಂ. ಕಾರ್ಡು ಇಟ್ಟುಕೊಂಡಿದ್ದ, ನಂಬರೂ ಅವನಿಗೆ ಗೊತ್ತು. ಒಂದನೇ ತಾರೀಕು ಬಂದದ್ದನ್ನೆಲ್ಲ ಎತ್ತಿಕೊಂಡು ಕಿರಾಣಿಗೆ ಅಂತ ಒಂದಿಷ್ಟು ಇವಳ ಕೈಗೆ ಹಾಕುತ್ತಿದ್ದ. ಮೂವತ್ತು ವರ್ಷದ ಹತ್ತಿರ ಸರ್ವೀಸು ಮಾಡಿದ ಹೆಂಗಸು, ತನ್ನ ಪಗಾರಕ್ಕೆ ತಾನೇ ಕೈ ಒಡ್ಡುತ್ತಿದ್ದಳು.

ವಸೂಲಿ ಮಾಡಲು ಹೋದವಳು ನಾನು. ಆದರೆ ಹೊಸದಾಗಿ ಪಾಠ ಕಲಿತ ಟೀಚರಿನ ಬಾಯಿ ಸುಮ್ಮನೆ ಇರುತ್ತದೆಯೇ? ಶಾಹೀನ್ ಮೇಡಂ ನನಗೆ ಹೇಳಿದ್ದನ್ನೆಲ್ಲ ಅಕ್ಕನಿಗೆ ಒಪ್ಪಿಸಿದೆ. “ಕೋರ್ಟಿಗೇ ನಿನ್ನ ಎರಡು ಪಾಲು ಮುಟ್ಟೋ ಅಧಿಕಾರ ಇಲ್ಲ ಅಕ್ಕ, ಇವ ಯಾರು ಮುಟ್ಟಾಕ? ಬ್ಯಾಂಕಿಗೆ ಹೋಗಿ ಕಾರ್ಡು ಬಂದ್ ಮಾಡಿಸು, ಹೊಸದು ತ್ವಗೊ. ಅವ ಬೇಕಿದ್ರ ಕೇಸ್ ಹಾಕ್ಲಿ. ಪಿ.ಎಫ್. ಹಿಡಿಯಂಗಿಲ್ಲ, ಗ್ರಾಚ್ಯುಟಿ ಹಿಡಿಯಂಗಿಲ್ಲ. ಜೈಲು ಇಲ್ಲ. ಪಗಾರ ಹಿಡದ್ರೂ ಎರಡು ವರ್ಷ, ಆಮ್ಯಾಲ ಅವರ ಪಾಲಿಗೆ ಅದೂ ಮುಗೀತು.”

“ಕಾರ್ಡು ಬಂದ್ ಮಾಡಿಸಿದ್ರ ಅವ ಶಾಲಿಗೆ ಬರತಾನ,” ಅಂದಳು ಅಕ್ಕ. “ಮಕ್ಕಳ ಮುಂದ ಕೇಳತಾನ. ಮೂರನೇತ್ತಿಯಾಗಿನ ಹುಡುಗ ಒಬ್ಬ ಅವನ ಅಣ್ಣನ ಮೊಮ್ಮಗ.” ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

“ಪೆನ್ಶನ್ನೂ ಮುಟ್ಟಂಗಿಲ್ಲೇನು?”

“ಒಂದು ರೂಪಾಯಿನೂ ಮುಟ್ಟಂಗಿಲ್ಲ.”

“ಪಗಾರ ಹಿಡೀತಾರ, ಪೆನ್ಶನ್ ಹಿಡಿಯಂಗಿಲ್ಲ.”

“ಹೌದಕ್ಕ. ಪುಸ್ತಕದಾಗ ಬರದಾರ, ನಾನ ನೋಡೀನಿ.”

ಆಕೆ ಪ್ರಶ್ನೆ ಕೇಳಿದಳಲ್ಲ, ತಿಳಿದುಕೊಳ್ಳುತ್ತಿದ್ದಾಳೆ ಎಂದು ನನಗೆ ಸಮಾಧಾನವಾಯಿತು. ನನ್ನ ದುಡ್ಡಿನ ಮಾತು ಎತ್ತದೆಯೇ ಎದ್ದೆ. ಇಲ್ಲದವಳ ಹತ್ತಿರ ಎತ್ತಿ ಏನು ಪ್ರಯೋಜನ? ಬಸ್‌ಸ್ಟ್ಯಾಂಡಿನ ತನಕ ಆಕೆ ಜೊತೆಗೆ ಬಂದಳು. ಟಿಕೆಟ್ಟಿಗೆ ಸೆರಗಿನ ಗಂಟು ಬಿಚ್ಚಲು ಹೋದಳು, ನಾನು ಕೈ ಹಿಡಿದು ಬೇಡವೆಂದೆ.

ಬೇಸಿಗೆ ಹೇಗೆ ಹೋಯಿತೆಂದು ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಮಿಲ್ಲುಗಳು ನಿಂತವು, ನಮ್ಮ ಮನೆಯವರ ಕೆಮ್ಮು ತುಸು ತಗ್ಗಿತು. ನೀರು ಮೂರು ದಿನಕ್ಕೊಮ್ಮೆ ಬರುತ್ತಿತ್ತು. ಪ್ರತಿ ಒಂದನೇ ತಾರೀಕು ನನ್ನ ಒಂದು ಪಾಲು ಹೋಗುತ್ತಿತ್ತು. ಶಾಹೀನ್ ಮೇಡಂ ದಾರಿಯಲ್ಲಿ ಸಿಕ್ಕರೆ ಅಕ್ಕನ ಮೇಲೆ ಕೇಸು ಯಾವಾಗ ಎನ್ನುತ್ತಿದ್ದರು. ನಾನು ಮುಂದೆ ನೋಡೋಣ ಅನ್ನುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಈಗ ನನ್ನನ್ನು ಜಾಮೀನು ಕೇಳುವವರಿರಲಿಲ್ಲ, ಶುಕ್ರವಾರದ ಊಟಕ್ಕೆ ಕರೆಯುವವರೂ ಇರಲಿಲ್ಲ. ಕೋರ್ಟಿಗೆ ಹೋದ ಟೀಚರ್ ಎಂಬ ಹೆಸರು ಬಂದಿತ್ತು. ಅದಕ್ಕೆ ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮುಂಗಾರಿನ ಮೊದಲ ಮಳೆ ಬಿದ್ದು, ಕರಿಮಣ್ಣಿನಲ್ಲಿ ಮತ್ತೆ ಹತ್ತಿಬೀಜ ಊರುವ ಹೊತ್ತಿಗೆ ಒಂದು ತಿಂಗಳು ಪಗಾರ ಪೂರ್ತಿ ಬಂತು. ಗುಮಾಸ್ತನನ್ನು ಕೇಳಿದರೆ, “ಸಾಲ ತೀರಿತಂತ ಟೀಚರಮ್ಮ, ಪಗಾರ ಹಿಡಿಯೋ ಅಟ್ಯಾಚ್‌ಮೆಂಟ್ ತಗದಾರ,” ಅಂದ. ಇಪ್ಪತ್ತನಾಲ್ಕು ತಿಂಗಳಾಗಲು ಇನ್ನೂ ಬಹಳ ದೂರವಿತ್ತು. ಯಾರು ತೀರಿಸಿದರೋ ಆ ಮಂತ್ರಾಲಯದ ರಾಯರೇ ಬಲ್ಲರು ಎಂದು ದಾರಿಯಲ್ಲಿ ಅರ್ಧ ಕಿಲೋ ಜಿಲೇಬಿ ಕಟ್ಟಿಸಿಕೊಂಡು ಬಂದೆ. ನಮ್ಮ ಮನೆಯವರು ಎರಡು ತಿಂದು, “ಇನ್ನ ನನ್ನ ಎದಿ ಸರ್ಕಾರಿ ಖರ್ಚಿನಾಗ ನಡೀತೈತಿ,” ಎಂದು ನಕ್ಕರು. ಬಹಳ ದಿನದ ಮೇಲೆ ಕೆಮ್ಮಿಲ್ಲದೆ ನಕ್ಕರು.

ನಾಲ್ಕು ದಿನ ಬಿಟ್ಟು, ಮಧ್ಯಾಹ್ನದ ಮಳೆಯಲ್ಲಿ, ಅಕ್ಕ ಬಂದಳು. ಟ್ರೆಜರಿಯಲ್ಲಿ ಕೆಲಸವಿತ್ತಂತೆ. ಹೊಸ ಸೀರೆ ಉಟ್ಟಿದ್ದಳು, ಮುಖದಲ್ಲಿ ಒಂದು ಗೆಲುವು. ಬರುವಾಗ ಬಾಳೆಹಣ್ಣು ತಂದಿದ್ದಳು.

“ನಿನ್ನ ಪಗಾರ ಪೂರಾ ಬಂತೇನು ಪಾರೂ?”

“ಬಂತಕ್ಕ. ನೀನ ಕಟ್ಟಿದ್ದೇನು?”

“ಎಲ್ಲಾರದೂ ಕಟ್ಟಿದೆ. ನಿನ್ನ ಕಡೆ ಹಿಡಿದದ್ದೂ ಕೊಡತೀನಿ, ಲೆಕ್ಕ ಹೇಳು. ಓಣಿಯವನದೂ ತೀರಿಸಿ ಕಾರ್ಡು ಇಸ್ಕೊಂಡೆ.”

“ಅಷ್ಟು ದುಡ್ಡು ಎಲ್ಲಿಂದ ಬಂತು?”

“ರಿಟೈರ್‌ಮೆಂಟ್ ತ್ವಗೊಂಡೆ,” ಅಂದಳು. “ಪಿ.ಎಫ್., ಗ್ರಾಚ್ಯುಟಿ ಎಲ್ಲಾ ಗಂಟಾಗಿ ಬಂತು. ಅದರಾಗ ತೀರಿಸಿದೆ.”

ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಆಕೆಯ ಸರ್ವೀಸು ಲೆಕ್ಕ ಹಾಕುತ್ತಿದ್ದೆ. ಇನ್ನೂ ಎಂಟು ವರ್ಷವಿತ್ತು. ಯಾವ ಕೋರ್ಟೂ ಕೈ ಹಾಕಲಾಗದ ದುಡ್ಡನ್ನು ಆಕೆ ತಾನಾಗಿಯೇ ಹಂಚಿ ಬಂದಿದ್ದಳು. ಎಂಟು ವರ್ಷದ ಪಗಾರ ಬಿಟ್ಟು ಚಿಕ್ಕದೊಂದು ಪೆನ್ಶನ್ ಉಳಿಸಿಕೊಂಡಿದ್ದಳು. ಕಾರ್ಡು ಬಂದ್ ಮಾಡಿಸಿ, ಉಳಿದ ತಿಂಗಳು ಹಲ್ಲು ಕಚ್ಚಿ ತಡೆದಿದ್ದರೆ ಸಾಕಿತ್ತು.

“ಯಾಕ ಅಕ್ಕ?” ಅಂದೆ.

“ನೀನ ಹೇಳಿದ್ದಿ ಅಲ್ಲೇನು,” ಅಂದಳು ಅಕ್ಕ, ನನ್ನ ಕೈ ಹಿಡಿದು. “ಪಗಾರ ಹಿಡೀತಾರ, ಪೆನ್ಶನ್ ಹಿಡಿಯಂಗಿಲ್ಲ ಅಂತ. ಅವತ್ತು ನೀ ಬಂದು ಆ ಮಾತು ಹೇಳದಿದ್ರ ನಾ ಬಾವಿ ನೋಡಕೊಂತಿದ್ದೆ ಪಾರೂ. ಇನ್ನ ಯಾರೂ ನನ್ನ ಮುಟ್ಟಂಗಿಲ್ಲ. ಚಹಾ ಕುಡಿಸು, ಮಳ್ಯಾಗ ನೆನದೀನಿ.”

ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ನೀರು ಕುದಿಯುವ ತನಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಚಹಾ ತಂದು ಕೊಟ್ಟಾಗ ಅಕ್ಕ ಒಂದು ಗುಟುಕು ಕುಡಿದು, ಸಕ್ಕರೆ ಕಡಿಮೆ ಆಗೈತಿ ಅಂದಳು. ತಂದು ಹಾಕಿದೆ.